ಸೊನ್ನೆ ಎಂದ ಕೈ

ಮಾರ್ಚ್ 10, ಸೋಮವಾರ, ಬಳ್ಳಾರಿ

ಕೆಲಸದ ಮೊದಲ ದಿನ. ಅರಿವಳಿಕೆ ವಿಭಾಗದ ಡಾ. ರಶ್ಮಿ ಅವರ ಅಧ್ಯಯನಕ್ಕೆ ನಾನು ಸಹಾಯಕಿ. ಎಂ.ಎ. ಕನ್ನಡ ಓದಿದವಳಿಗೆ ಆಸ್ಪತ್ರೆಯಲ್ಲಿ ಏನು ಕೆಲಸ ಎಂದು, ನಾನು ಉಳಿದುಕೊಂಡಿರುವ ಮನೆಯ ಗುರುಬಸಮ್ಮ ಅತ್ತೆ ಬೆಳಿಗ್ಗೆಯೇ ಕೇಳಿದರು. ಸರಿಯಾಗಿ ಹೇಳಲು ಬರಲಿಲ್ಲ. ಇಲ್ಲಿ ಬರೆದುಕೊಳ್ಳುತ್ತೇನೆ.

ಮುಂಗೈ ಮುರಿದು ಬಂದವರಿಗೆ ಇಲ್ಲಿ ಪೂರ್ತಿ ಪ್ರಜ್ಞೆ ತಪ್ಪಿಸದೆ ಆಪರೇಷನ್ ಮಾಡುತ್ತಾರೆ. ಕೊರಳೆಲುಬಿನ ಮೇಲ್ಗಡೆ ಸೂಜಿ ಹಾಕಿ ಆ ಒಂದು ಕೈಯ ನರಗಳನ್ನಷ್ಟೇ ಮಲಗಿಸುತ್ತಾರೆ. ಇದಕ್ಕೆ ಎಲ್ಲರೂ ಬ್ಲಾಕ್ ಅನ್ನುತ್ತಾರೆ. ಅಧ್ಯಯನದಲ್ಲಿ ಅರ್ಧ ಜನಕ್ಕೆ ಬರೀ ಮರಗಟ್ಟಿಸುವ ಔಷಧಿ, ಉಳಿದರ್ಧಕ್ಕೆ ಅದರ ಜೊತೆ ಇನ್ನೊಂದು. ಎರಡನೆಯದು ಸೇರಿದರೆ ಆಪರೇಷನ್ ಮುಗಿದ ಮೇಲೂ ನೋವು ಎಷ್ಟು ಹೊತ್ತು ದೂರ ಇರುತ್ತದೆ ಎಂಬುದೇ ಪ್ರಶ್ನೆ. ಯಾರಿಗೆ ಯಾವುದು ಬಿದ್ದಿದೆ ಎಂದು ರೋಗಿಗೂ ಗೊತ್ತಿರುವುದಿಲ್ಲ, ನನಗೂ ಗೊತ್ತಿರಬಾರದು. ನಾನು ಹಾಸಿಗೆಯ ಹತ್ತಿರ ಹೋಗಿ ನೋವು ಎಷ್ಟಿದೆ ಎಂದು ಕೇಳಿ ಅಂಕಿ ಬರೆಯಬೇಕು. ಸೊನ್ನೆ ಎಂದರೆ ನೋವೇ ಇಲ್ಲ. ಹತ್ತು ಎಂದರೆ ತಡೆಯಲಾಗದ್ದು.

ಹಾಳೆಯಲ್ಲಿದ್ದ ಪ್ರಶ್ನೆ ಹೀಗಿತ್ತು: ‘ತಾವು ಅನುಭವಿಸುತ್ತಿರುವ ವೇದನೆಯ ತೀವ್ರತೆಯನ್ನು ಸೊನ್ನೆಯಿಂದ ಹತ್ತರ ಮಾಪನದಲ್ಲಿ ಸೂಚಿಸಿರಿ.’ ಇದನ್ನು ನಮ್ಮ ಜನ ಮಾತಾಡೋ ಹಾಗೆ ಮಾಡು ಎಂದರು ಡಾಕ್ಟರು. ‘ನೋವು ಎಷ್ಟೈತಿ? ಸೊನ್ನಿಯಿಂದ ಹತ್ತರೊಳಗ ಹೇಳ್ರಿ’ ಎಂದು ಬರೆದುಕೊಟ್ಟೆ. ಓದಿ ನಕ್ಕರು. ಚೆನ್ನಾಗಿದೆ ಎಂದು ನಕ್ಕರೋ ಬೇರೆ ಏನೋ, ನಾನು ಕೇಳಲಿಲ್ಲ.

ಅತ್ತೆ ಕೊಟ್ಟ ಕೋಣೆ ಹಿತ್ತಲಿನ ಕಡೆಗಿದೆ. ಫ್ಯಾನ್ ತಿರುಗುವುದಿಲ್ಲ. “ಎಲ್ಲಾ ಅನುಕೂಲ ಐತಿಲ್ಲವಾ?” ಅಂದರು. ಐತ್ರಿ ಅಂದೆ.

ಮಾರ್ಚ್ 13, ಗುರುವಾರ

ತೆಕ್ಕಲಕೋಟೆಯ ಯರ್ರಿಸ್ವಾಮಿ, ಟ್ರ್ಯಾಕ್ಟರ್ ಮೆಕ್ಯಾನಿಕ್. ನಿನ್ನೆ ಆಪರೇಷನ್ ಆಗಿದೆ. ನಾನು ಹೋದಾಗ ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಎಡಗೈಯಲ್ಲಿ ಚಮಚ ಹಿಡಿದು ಉಪ್ಪಿಟ್ಟು ತಿನ್ನುತ್ತಿದ್ದರು. ಕೇಳಿದೆ.

“ಹತ್ತು” ಅಂದರು.

ಹತ್ತು ಅಂದರೆ ಕೂಡಲೇ ನರ್ಸಿಗೆ ತಿಳಿಸಬೇಕು. ಹೋಗಿ ಹೇಳಿದೆ. ವಾರ್ಡಿನ ವಿರೂಪಮ್ಮ ಸಿಸ್ಟರ್ ಇಂಜೆಕ್ಷನ್ ತುಂಬಿಕೊಂಡೇ ಬಂದರು.

“ಎಲ್ಲಿ ನೋಯ್ತೈತಪಾ?”

“ನನಗ್ಯಾಕ ನೋಯ್ತೈತ್ರಿ ಸಿಸ್ಟರ್? ಆರಾಮ ಅದೀನಿ.”

“ಮತ್ತ ಹತ್ತು ಅಂದ್ಯಂತಲ್ಲ?”

“ಅದು ಡಾಕ್ಟರಮ್ಮಗ ಕೊಟ್ಟಿದ್ದು ರೀ. ಎಷ್ಟು ಚಂದ ಮಾಡ್ಯಾರ, ಸೂಜಿ ಹಾಕಿದ್ದs ಗೊತ್ತಾಗ್ಲಿಲ್ಲ. ಹತ್ತಕ್ಕ ಹತ್ತು ಬರ್ಕೊ ತಂಗಿ. ಎಂಟು, ಒಂಬತ್ತು ಬರದು ಅವರ ಹೆಸರು ಕೆಡಿಸಬ್ಯಾಡ.”

“ಸಾಲಿ ಮಾಸ್ತರ ಆಗಬೇಕಿತ್ತು ನೀನು. ತುಂಬಿದ ಇಂಜೆಕ್ಷನ್ ಏನು ಮಾಡ್ಲಿ ಈಗ? ನಿನಗs ಹಾಕ್ತೀನಿ, ತಿರುಗು.”

ವಾರ್ಡೆಲ್ಲ ನಕ್ಕಿತು. ನಾನು ನೆಲ ನೋಡುತ್ತ ನಿಂತೆ. ಮತ್ತೆ ಕೇಳಿ ಸೊನ್ನೆ ಬರೆದುಕೊಂಡೆ.

ಮಾರ್ಚ್ 16, ಭಾನುವಾರ, ಕುರುಗೋಡು

ಊರಿಗೆ ಬಂದೆ. ಬಸ್ಸಿನಲ್ಲಿ ಜನ ತುಂಬಿದ್ದರು. ಹಿಂದಿನ ಸೀಟಿನಲ್ಲಿ ಕೂತಿದ್ದ ನಾನು ಬಾಗಿಲ ತನಕ ಬರುವಷ್ಟರಲ್ಲಿ ನಮ್ಮ ಸ್ಟಾಪ್ ದಾಟಿತ್ತು. ಕೂಗಬಹುದಿತ್ತು. ಮುಂದಿನ ಸ್ಟಾಪಿನಲ್ಲಿ ಇಳಿದು ಬಿಸಿಲಲ್ಲಿ ವಾಪಸು ನಡೆದೆ. ಅವ್ವ ಯಾಕೆ ಇಷ್ಟು ಹೊತ್ತು ಅಂದಳು. ಬಸ್ಸು ತಡ ಅಂದೆ.

ಮಾರ್ಚ್ 19, ಬುಧವಾರ

ಡಾಕ್ಟರು ಕೂರಿಸಿಕೊಂಡು ಎರಡು ವಿಷಯ ಹೇಳಿದರು. ಒಂದು, ರೋಗಿ ಹೇಳಿದ್ದನ್ನಷ್ಟೇ ಬರೆಯಬೇಕು. ಮುಖ ನೋಡಿ ನಾನೇ ಅಂಕಿ ಕಲ್ಪಿಸಬಾರದು, ಹೀಗಿರಬಹುದಾ ಎಂದು ಬಾಯಿಗೆ ತುರುಕಬಾರದು.

ಎರಡನೆಯದನ್ನು ತಮ್ಮ ಕೈಯನ್ನೇ ಹಿಡಿದು ತೋರಿಸಿದರು. “ಬ್ಲಾಕ್‌ನಿಂದ ಎಲ್ಲಾ ಒಳ್ಳೇದೇ. ಭಯ ಒಂದೇ. ಮುರಿದ ಕೈ ಒಳಗೊಳಗೇ ಬಾತು ರಕ್ತ ಓಡೋಕೆ ಜಾಗ ಇಲ್ಲದ ಹಾಗೆ ಆಗಬಹುದು. ಅಪರೂಪ. ಬೇರೆಯವರಾದ್ರೆ ನೋವಿಗೆ ಚೀರ್ತಾರೆ, ನಮಗೆ ಗೊತ್ತಾಗುತ್ತೆ. ಮರಗಟ್ಟಿದ ಕೈ ಚೀರಲ್ಲ. ಬ್ಲಾಕ್ ಇಳೀತಾ ಬಂದಾಗ ಬೆರಳು ಮೆಲ್ಲಗೆ ಎಳೆದು ನೀಡಿಸಿದಾಗ ರೋಗಿ ಜೀವ ಹೋದ ಹಾಗೆ ಮಾಡಿದ್ರೆ ನನಗೆ ಹೇಳು. ನಾನು ಎಲ್ಲಿದ್ರೂ.”

ಹೂಂ ಅಂದೆ. ಅವರಿಗೆ ಕೇಳಿಸಿತೋ ಇಲ್ಲವೋ. “ಏನು?” ಅಂದರು. ಮತ್ತೆ ಹೂಂ ಅಂದೆ.

ಮಾರ್ಚ್ 27, ಗುರುವಾರ

ಸೆಕೆ. ನಿದ್ದೆಯಿಲ್ಲ. ಹಾಳೆಗಳ ತುಂಬ ಸೊನ್ನೆ. ಡಾಕ್ಟರು ಖುಷಿಯಾಗಿದ್ದಾರೆ.

ಏಪ್ರಿಲ್ 2, ಬುಧವಾರ

ಇವತ್ತು ಆಪರೇಷನ್ ಆದವಳು ದೇಶನೂರಿನ ಊರಮ್ಮ. ಭತ್ತದ ಸಸಿ ಹಚ್ಚುವ ಹೆಂಗಸರ ಗುಂಪಿಗೆ ಮುಂದಾಳು. ಟ್ರ್ಯಾಕ್ಟರ್ ಟ್ರಾಲಿಯಿಂದ ಇಳಿಯುವಾಗ ಬಿದ್ದು ಬಲ ಮುಂಗೈಯ ಎರಡೂ ಎಲುಬು ಮುರಿದಿವೆ. ಸುಗ್ಗಿ ಬಿಟ್ಟು ಗಂಡನಿಗೆ ಬರಲಾಗಿಲ್ಲ. ಗಂಡನ ಅಣ್ಣ ಗಾದೆಪ್ಪ ಮತ್ತು ಮದುವೆಯಾದ ಮಗಳು ಕಾವೇರಿ ಬಂದಿದ್ದಾರೆ.

ಬೆಳಿಗ್ಗೆ ಒಪ್ಪಿಗೆ ತೆಗೆದುಕೊಳ್ಳುವಾಗ ನಾನೂ ಇದ್ದೆ. ಡಾಕ್ಟರು ಎಲ್ಲ ಬಿಡಿಸಿ ಹೇಳಿದರು. ಊರಮ್ಮನದು ಒಂದೇ ಪ್ರಶ್ನೆ.

“ಆಷಾಢದಾಗ ಕಾಲುವಿಗೆ ನೀರು ಬಿಡ್ತಾರ. ಅಷ್ಟರಾಗ ಕೈ ಬರ್ತೈತೇನ್ರಿ?”

ಬರುತ್ತೆ ಎಂದರು ಡಾಕ್ಟರು. ಊರಮ್ಮ ಎಡಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳು ಕೂಡಿಸಿ, ಇಲ್ಲದ ಸಸಿಯನ್ನು ಹಾಸಿಗೆಗೆ ನೆಟ್ಟು ತೋರಿಸಿದಳು. “ಪೂರಾ ಕೈ ಬ್ಯಾಡ್ರಿ. ಈ ಮೂರು ಬೆರಳು ಬಂದ್ರ ಸಾಕು. ಇವು ಇದ್ರ ಗುಂಪು ನನ್ನ ಹಿಂದ ಬರ್ತೈತಿ. ಇಲ್ಲಂದ್ರ ಬ್ಯಾರೆಯಾಕಿ ಹಿಂದ ಹೋಗ್ತೈತಿ.”

ಸಂಜೆ ಹೋದಾಗ ಬಲಗೈಯನ್ನು ಎಡಗೈಯಿಂದ ಎತ್ತಿ ದಿಂಬಿನ ಮೇಲೆ ಇಟ್ಟುಕೊಳ್ಳುತ್ತಿದ್ದಳು. “ಇದು ನಂದಲ್ಲವ್ವ. ಯಾರದೋ ಕೈ ತಂದು ಕಟ್ಯಾರ. ತೂಕ ನೋಡು, ಯಾವನೋ ಗಂಡಸಿಂದು ಇರಬೇಕು.” ಕಾವೇರಿ ಬಿದ್ದು ಬಿದ್ದು ನಕ್ಕಳು. ಅಷ್ಟರಲ್ಲಿ ಗಾದೆಪ್ಪ ಒಳಗೆ ಬಂದು ಸ್ಟೂಲಿನ ಮೇಲೆ ಕೂತರು. ಊರಮ್ಮ ಎಡಗೈಯಿಂದ ಸೆರಗು ತಲೆ ಮೇಲೆ ಎಳೆದುಕೊಂಡಳು. ಆಮೇಲೆ ಮಾತಿಲ್ಲ.

ನೋವು: ಸೊನ್ನೆ.

ಏಪ್ರಿಲ್ 3, ಗುರುವಾರ

ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಬೆಳಿಗ್ಗೆ ಊರಮ್ಮನ ಹತ್ತಿರ ಹೋದೆ. ಗಾದೆಪ್ಪ ಅದೇ ಸ್ಟೂಲಿನ ಮೇಲೆ ಕೂತಿದ್ದರು. ನೋವು ಎಷ್ಟೈತ್ರಿ ಅಂದೆ.

“ಏನಿಲ್ಲವ್ವ. ಸೊನ್ನಿ ಬರ್ಕೊ.”

ಬರೆದುಕೊಂಡೆ. ಗಂಜಿಯ ಲೋಟ ತುಂಬಿದ್ದು ತುಂಬಿದ ಹಾಗೇ ಇತ್ತು, ಮೇಲೆ ಕೆನೆ ಕಟ್ಟಿತ್ತು. ಹಣೆಯ ಮೇಲೆ ಬೆವರು. ಬಳ್ಳಾರಿಯಲ್ಲಿ ಏಪ್ರಿಲ್‌ನಲ್ಲಿ ಬೆವರದವರು ಯಾರು ಅಂದುಕೊಂಡು ಪಕ್ಕದ ಹಾಸಿಗೆಗೆ ಹೋದೆ. ಅಲ್ಲಿಂದ ಸುಮ್ಮನೆ ತಿರುಗಿ ನೋಡಿದೆ. ಕಾವೇರಿ ಒದ್ದೆ ಬಟ್ಟೆಯಿಂದ ಅವ್ವನ ಬಲಗೈ ಬೆರಳು ಒರೆಸುತ್ತಿದ್ದಳು. ಮಡಚಿಕೊಂಡಿದ್ದ ಬೆರಳುಗಳನ್ನು ಒರೆಸಲೆಂದು ಒಂದಿಷ್ಟು ನೀಡಿಸಿದಳು. ಊರಮ್ಮನ ಬಾಯಿಂದ ಏನೂ ಬರಲಿಲ್ಲ. ಸೆರಗಿನ ಅಂಚು ಹಲ್ಲಲ್ಲಿತ್ತು. ಆದರೆ ಹೊದಿಕೆಯೊಳಗೆ ಎರಡೂ ಕಾಲು ಮುದುರಿ ಹೊಟ್ಟೆಯ ತನಕ ಬಂದವು.

ಸೊನ್ನೆ ನೋವಿನ ಕೈಗೆ ಕಾಲು ಯಾಕೆ ಮುದುರಬೇಕು?

ವಾಪಸು ಹೋಗಿ ಬೆರಳು ಅಲುಗಿಸ್ರಿ ಅಂದೆ. ನಿನ್ನೆ ಸಂಜೆ ಕಲ್ಲಿನಂತಿದ್ದ ಹೆಬ್ಬೆರಳು ನಡುಗುತ್ತ ಚೂರು ಅಲುಗಿತು. ಅಂದರೆ ಬ್ಲಾಕ್ ಬಿಡುತ್ತಿದೆ. ಬ್ಯಾಂಡೇಜಿನ ಮೇಲಕ್ಕೂ ಕೆಳಕ್ಕೂ ಚರ್ಮ ಉಬ್ಬಿ ಹೊಳೆಯುತ್ತಿತ್ತು. ಖರೇ ಹೇಳ್ರಿ, ನೋಯ್ತೈತೇನು ಅಂದೆ. ಊರಮ್ಮ ಸ್ಟೂಲಿನ ಕಡೆ ಒಮ್ಮೆ ನೋಡಿ, “ಇಲ್ಲವ್ವ” ಅಂದಳು.

ವಿರೂಪಮ್ಮ ಸಿಸ್ಟರ್ ಹೊಸದಾಗಿ ಬಂದ ಇಬ್ಬರಿಗೆ ಡ್ರಿಪ್ ಹಾಕುತ್ತಿದ್ದರು. ಹೇಳಿದೆ.

“ಆಕೀಗೆ ಎರಡನೇ ಔಷಧಿ ಬಿದ್ದಿರಬೇಕವಾ, ಇನ್ನಾ ಬ್ಲಾಕ್ ಇಳಿದಿಲ್ಲ. ಎಷ್ಟು ಅಂದ್ಲು?”

“ಸೊನ್ನಿ.”

“ನೀನs ಬರ್ದೀಯಲ್ಲ ಮತ್ತ.” ಅವರು ಸಿಟ್ಟಿನಿಂದೇನೂ ಹೇಳಲಿಲ್ಲ. ಕೈಯಲ್ಲಿ ಸೂಜಿ ಇತ್ತು.

ನಾನೇ ಬರೆದ ಸೊನ್ನೆ. ಹಾಳೆ ಹಿಡಿದು ಒಂದು ನಿಮಿಷ ನಿಂತೆ. ಮತ್ತೆ ಕೇಳಿದರೂ ಸಿಸ್ಟರ್ ಅದನ್ನೇ ಹೇಳುತ್ತಾರೆ. ಡಾಕ್ಟರು ಕೆಳಗೆ ಆಪರೇಷನ್ ಥಿಯೇಟರಿನಲ್ಲಿದ್ದರು. ಮೆಟ್ಟಿಲಿಳಿದು ಹೋದೆ. ಅಲ್ಲಿ ನೆಲದ ಮೇಲೆ ಕೆಂಪು ಗೆರೆ ಇದೆ, ಹೊರಗಿನವರು ದಾಟಬಾರದು. ಬಾಗಿಲ ಹತ್ತಿರದವನು, “ಕೇಸ್ ನಡದೈತಿ. ಚೀಟಿ ಬರದು ಕೊಡ್ರಿ, ಮುಗದ ಮ್ಯಾಲೆ ಕೊಡ್ತೀನಿ” ಅಂದ.

ಚೀಟಿಯಲ್ಲಿ ಏನು ಬರೆಯುವುದು? ಸೊನ್ನೆ ಅಂದಿದ್ದಾರೆ, ಆದರೆ ಕಾಲು ಮುದುರಿದರು ಅಂತಲೇ?

ಗೆರೆಯ ಈಚೆ ನಿಂತು ಕರೆದೆ. ಯಾರಿಗೂ ಕೇಳಿಸಲಿಲ್ಲ. ಮತ್ತೆ ಕರೆದೆ. ಮೂರನೇ ಸಲ “ರಶ್ಮಿ ಮೇಡಂ! ಊರಮ್ಮನ ಕೈ ನೋಡ್ರಿ!” ಎಂಬ ಕೂಗಿಗೆ ಕಾರಿಡಾರಿನ ಬೆಂಚಿನ ಮೇಲೆ ಕೂತವರೆಲ್ಲ ಎದ್ದು ನಿಂತರು. ಯಾರು ಕೂಗಿದ್ದು ಎಂದು ನಾನೂ ಹಿಂದೆ ನೋಡಿದೆ.

ಡಾಕ್ಟರು ರೋಗಿಯನ್ನು ಜೊತೆಯ ಡಾಕ್ಟರಿಗೆ ಒಪ್ಪಿಸಿ, ಮಾಸ್ಕ್ ಇಳಿಸುತ್ತ ಬಂದರು.

“ಎಷ್ಟು ಅಂದ್ಲು?”

“ಸೊನ್ನಿ ಅಂದ್ರು ಮೇಡಂ.”

“ಮತ್ತೆ?”

“ಸುಳ್ಳು.”

ಅವರು ಬೇರೇನೂ ಕೇಳಲಿಲ್ಲ. ಮೆಟ್ಟಿಲನ್ನು ಎರಡೆರಡಾಗಿ ಹತ್ತಿದರು. ಊರಮ್ಮನ ಹಾಸಿಗೆಯ ಹತ್ತಿರ ಕೂತು, ನಡುಬೆರಳು ಹಿಡಿದು, ಮಲ್ಲಿಗೆ ಮೊಗ್ಗು ಬಿಡಿಸುವಷ್ಟು ಮೆಲ್ಲಗೆ ನೀಡಿಸಿದರು. ಊರಮ್ಮನಿಗೆ ಈ ಸಲ ತಡೆದುಕೊಳ್ಳಲಾಗಲಿಲ್ಲ, ಕೂಗಿಬಿಟ್ಟಳು. ಆ ಕೂಗಿಗೆ ಗಾದೆಪ್ಪ ಸ್ಟೂಲಿನಿಂದ ಎದ್ದು ಗೋಡೆ ಹಿಡಿದುಕೊಂಡರು.

ಬ್ಯಾಂಡೇಜ್ ಪೂರ್ತಿ ಕತ್ತರಿಸಿದರು. ಎಲುಬಿನ ಡಾಕ್ಟರು ಓಡಿ ಬಂದರು. ಬ್ಯಾಂಡೇಜ್ ತೆಗೆದರೂ ಕೈ ಮೆತ್ತಗಾಗಲಿಲ್ಲ. ಮತ್ತೆ ಥಿಯೇಟರಿಗೆ ಒಯ್ದು, ಈ ಸಲ ಪೂರ್ತಿ ಪ್ರಜ್ಞೆ ತಪ್ಪಿಸಿ, ಮುಂಗೈಯ ಚರ್ಮ ಉದ್ದಕ್ಕೆ ಸೀಳಿ ಒಳಗಿನ ಒತ್ತಡ ಬಿಡಿಸಿದರು. ಗಾಯ ಸದ್ಯಕ್ಕೆ ಹೊಲಿಯುವುದಿಲ್ಲವಂತೆ, ಬಾವು ಇಳಿಯಬೇಕು.

ಮಧ್ಯಾಹ್ನ ಡಾಕ್ಟರು ಹೇಳಿದರು: “ಕೈ ಉಳಿಯುತ್ತೆ. ಬೆರಳು ಮಡಚೋ ಸ್ನಾಯು ಎಷ್ಟು ಉಳಿದಿದೆ ಅಂತ ಈಗಲೇ ಹೇಳೋಕಾಗಲ್ಲ. ಮೂರು ತಿಂಗಳು ಬೇಕು.”

ಏಪ್ರಿಲ್‌ನಿಂದ ಮೂರು ತಿಂಗಳು ಅಂದರೆ ಆಷಾಢ.

ಏಪ್ರಿಲ್ 4, ಶುಕ್ರವಾರ

ವಿರೂಪಮ್ಮ ಸಿಸ್ಟರ್ ತಮ್ಮ ಚಹಾದಲ್ಲಿ ಅರ್ಧ ನನಗೆ ಬಗ್ಗಿಸಿ ಕೊಟ್ಟರು. “ನಿನ್ನೆ ಒಂದು ಸಲ ಎದ್ದು ಬಂದು ನೋಡಬೇಕಿತ್ತು ನಾನು” ಅಂದರು. ಕುಡಿದೆವು. ಊರಮ್ಮ ಮಲಗಿದ್ದಳು.

ಏಪ್ರಿಲ್ 8, ಮಂಗಳವಾರ

ಗಾದೆಪ್ಪನವರಿಗೆ, “ನೀವು ಒಂದೀಟು ಚಾ ಕುಡದು ಬರ್ರಿ, ನಾನು ಇವರ ಹತ್ರ ಮಾತಾಡಬೇಕು” ಅಂದೆ. ಅವರು ತಕ್ಷಣ ಎದ್ದು ಹೋದರು. ಇಷ್ಟು ಸುಲಭವೆಂದು ಗೊತ್ತಿರಲಿಲ್ಲ.

“ಅವತ್ತು ಯಾವಾಗಿಂದ ನೋಯ್ತಿತ್ತು ಊರಮ್ಮಕ್ಕ?”

“ನಸುಕಿನಾಗ ಸುರುವಾತು. ಬೆಳಕು ಹರಿಯೋದ್ರಾಗ ಕೈ ಕಡದು ಒಗೀಲಿ ಅನ್ನಂಗ ಆಗಿತ್ತವ್ವ.”

“ನಾ ಕೇಳಿದಾಗ ಯಾಕ ಹೇಳ್ಲಿಲ್ಲ?”

“ಹೆಂಗ ಹೇಳ್ಲಿ? ಆ ಡಾಕ್ಟರಮ್ಮ ಅಷ್ಟು ಚಂದ ಮಾತಾಡಿ, ನೋವು ಬರಂಗಿಲ್ಲ ಅಂತ ಸೂಜಿ ಹಾಕ್ಯಾಳ. ಬಂತು ಅಂದ್ರ ಆಕಿಗೆ ಹೆಂಗ ಅನ್ನಿಸಬ್ಯಾಡ? ಮ್ಯಾಲೆ ನೀನು ಪೆನ್ನು ಹಿಡದು ನಿಂತಿದ್ದಿ. ಭಾವ ಬ್ಯಾರೆ ಕುಂತಿದ್ರು.” ಎಡಗೈಯಿಂದ ಸೆರಗು ಸರಿಮಾಡಿಕೊಂಡು, “ಮಂದಿ ಮನ್ಯಾಗ ಉಣ್ಣಾಕ ಕುಂತಾಗ ಸಾರಿಗೆ ಉಪ್ಪು ಕಮ್ಮಿ ಐತಿ ಅಂತ ನೀ ಹೇಳ್ತೀಯೇನು?” ಅಂದಳು.

ಹೇಳುವುದಿಲ್ಲ. ಅವ್ವ ಕಲಿಸಿದ್ದೂ ಅದನ್ನೇ. ಎಲೆಗೆ ಬಿದ್ದದ್ದನ್ನು ಚಲೋ ಆಗೈತ್ರಿ ಅಂತ ಉಂಡು ಏಳುವುದು.

ಸಂಜೆ ಡಾಕ್ಟರಿಗೆ ಈ ಮಾತು ಹೇಳಿದೆ. ಅವರು ನನ್ನ ಹಾಳೆಗಳ ಕಟ್ಟು ಎಳೆದುಕೊಂಡು ಒಂದೊಂದೇ ತಿರುವಿದರು. “ಇದರಲ್ಲಿ ಉಪ್ಪಿಲ್ಲದ ಸೊನ್ನೆ ಎಷ್ಟಿದಾವೋ” ಅಂದರು. ಇಷ್ಟು ದಿನದ ಖುಷಿ ಆ ಮುಖದಲ್ಲಿರಲಿಲ್ಲ.

ಮನೆಯವರನ್ನು ಹೊರಗೆ ಕಳಿಸಿ ಕೇಳಬೇಕು, ನಿದ್ದೆ ಬಂತಾ, ಊಟ ಸೇರಿತಾ ಎಂದು ಮೊದಲು ಕೇಳಿ ಆಮೇಲೆ ಅಂಕಿ ಕೇಳಬೇಕು, ಬೆರಳನ್ನು ಪ್ರತಿ ಸಲ ಸಿಸ್ಟರ್ ನೋಡಬೇಕು ಎಂದು ನಾನು ಹೇಳುತ್ತ ಹೋದೆ, ಅವರು ಬರೆದುಕೊಂಡರು. ಅಧ್ಯಯನದ ಕ್ರಮ ಬದಲಿಸಲು, ಇಂಥ ಅಧ್ಯಯನಗಳ ಮೇಲೆ ಕಣ್ಣಿಡುವ ಆಸ್ಪತ್ರೆಯ ಕಮಿಟಿಯ ಒಪ್ಪಿಗೆ ಬೇಕಂತೆ. ಊರಮ್ಮನ ಕೈಗೆ ಆದದ್ದನ್ನೂ ಅವರಿಗೆ ತಿಳಿಸಬೇಕು. ಅಲ್ಲಿಯವರೆಗೆ ಹೊಸಬರನ್ನು ಸೇರಿಸುವುದಿಲ್ಲ.

“ಊರಮ್ಮನ ಆ ಸೊನ್ನೆ ಹೊಡೆದುಹಾಕಲಾ ಮೇಡಂ?”

“ಬೇಡ. ಅವಳು ಹೇಳಿದ್ದು ಅದೇ ತಾನೇ. ಪಕ್ಕದಲ್ಲಿ ನೀನು ಕಂಡಿದ್ದು ಬರಿ.”

ಬರೆದೆ. ಕಾಲು ಮುದುರಿತು, ಗಂಜಿ ಕುಡಿದಿರಲಿಲ್ಲ.

ಏಪ್ರಿಲ್ 13, ಭಾನುವಾರ

ನಿದ್ದೆಯೇ ಬರುತ್ತಿಲ್ಲ, ಕೋಣೆಯ ಫ್ಯಾನ್ ಕೆಟ್ಟಿದೆ ಎಂದು ತಿಂಡಿಯ ಹೊತ್ತಿಗೆ ಹೇಳಿದೆ.

“ಒಂದು ತಿಂಗಳಾತಲ್ಲವಾ ಬಂದು! ಯಾಕ ಹೇಳ್ಲಿಲ್ಲ? ನಾವೇನು ಹುಲಿ ಅದೀವೇನು?” ಅಂದರು ಗುರುಬಸಮ್ಮ ಅತ್ತೆ.

ಅವರ ಗಂಡ ಉಜ್ಜಿನಪ್ಪ ಮಾವ ದೋಸೆ ಬಿಟ್ಟು ಎದ್ದು ಹೋಗಿ, ಕೋಣೆಯ ಹೊರಗಿನ ಗೋಡೆಯಲ್ಲಿ ಕ್ಯಾಲೆಂಡರ್ ಸರಿಸಿ, ಅದರ ಹಿಂದಿನ ಸ್ವಿಚ್ ಒತ್ತಿದರು. ಫ್ಯಾನ್ ತಿರುಗಿತು.

ಮೇ 6, ಮಂಗಳವಾರ

ಊರಮ್ಮನ ಗಾಯ ಮುಚ್ಚಿದೆ. ತೊಡೆಯ ಚರ್ಮ ತೆಗೆದು ಹಚ್ಚಿದ್ದಾರೆ. ಇವತ್ತು ವ್ಯಾಯಾಮ ಮಾಡಿಸುವವರ ಹತ್ತಿರ ನಾನೂ ಹೋದೆ. ಕೈಗೆ ರಬ್ಬರ್ ಚೆಂಡು ಕೊಟ್ಟರು. ಹಿಡಿಯಲಾಗಲಿಲ್ಲ, ಉರುಳಿ ಮಂಚದ ಕೆಳಗೆ ಹೋಯಿತು. ಕಾವೇರಿ ಬಗ್ಗಿ ತಂದಳು. ಮತ್ತೆ ಉರುಳಿತು. ಮೂರನೇ ಸಲ ಊರಮ್ಮನೇ ಬೇಡ ಅಂದಳು.

“ಗುಂಪಿನ ಹೆಂಗಸರು ಫೋನ್ ಮಾಡಿದ್ರು. ಈ ವರ್ಷ ಯಾರ ಹಿಂದ ಹೋಗಬೇಕು ಅಂತ ಕೇಳ್ತಾರ.”

“ಏನಂದ್ರಿ?”

“ಮಾತಾಡೋದ್ರಾಗ ಫೋನ್ ಕೈಯಿಂದ ಬಿತ್ತು” ಅಂದಳು. ನಗಬೇಕೋ ಬೇಡವೋ ತಿಳಿಯಲಿಲ್ಲ. ಅವಳೇ ನಕ್ಕಳು, ಹೆಚ್ಚು ಹೊತ್ತಲ್ಲ.

ಜೂನ್ 27, ಶುಕ್ರವಾರ

ಕಮಿಟಿಯ ಒಪ್ಪಿಗೆ ಬಂದು ಎರಡು ವಾರವಾಯಿತು. ಹೊಸ ಕ್ರಮದಲ್ಲಿ ಸೊನ್ನೆಗಳು ಕಡಿಮೆಯಾಗಿವೆ, ಮೂರು ನಾಲ್ಕುಗಳು ಹೆಚ್ಚಾಗಿವೆ. ಅಧ್ಯಯನ ಏನು ಹೇಳುತ್ತದೋ ಇನ್ನೂ ಗೊತ್ತಿಲ್ಲ. ಡಾಕ್ಟರು ಅದಕ್ಕೆ ಬೇಸರಪಟ್ಟ ಹಾಗೆ ಕಾಣುವುದಿಲ್ಲ.

ಮೂರು ತಿಂಗಳ ತಪಾಸಣೆಗೆ ಊರಮ್ಮ ಬರಲಿಲ್ಲ. ಹೋಗಿ ನೋಡಿ ಬಾ ಎಂದರು. ಸಿರುಗುಪ್ಪದಲ್ಲಿ ಬಸ್ಸು ಬದಲಿಸಿದೆ. ಡ್ರೈವರ್ ಹಾಡು ಹಚ್ಚಿಕೊಂಡು ಹೊಡೆಯುತ್ತಿದ್ದ. ದೇಶನೂರು ದಾಟಿಸಿಬಿಡುವವನಿದ್ದ, ಕೂಗಿ ನಿಲ್ಲಿಸಿ ಇಳಿದೆ. ಕಾಲುವೆಗೆ ಇನ್ನೂ ನೀರು ಬಂದಿಲ್ಲ. ಇವತ್ತೋ ನಾಳೆಯೋ ಅನ್ನುತ್ತಿದ್ದಾರೆ. ಸಸಿ ಮಡಿಗಳು ಮಾತ್ರ ಹಸಿರಾಗಿವೆ.

ಊರಮ್ಮ ಪಡಸಾಲೆಯಲ್ಲಿ ಕೂತಿದ್ದಳು. ಪಕ್ಕದ ಕಟ್ಟೆಯ ಮೇಲೆ ಗಾದೆಪ್ಪ. ಊರಮ್ಮನ ಮುಂಗೈಯ ಉದ್ದಕ್ಕೂ ಗಾಯದ ಗುರುತು. ಕಿರುಬೆರಳು ಮತ್ತು ಉಂಗುರದ ಬೆರಳು ಮಡಚಿಕೊಂಡೇ ಇವೆ. ಉಳಿದ ಮೂರನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು.

“ಯಾಕ ಬರ್ಲಿಲ್ಲ ಊರಮ್ಮಕ್ಕ?”

“ಬಂದ್ರ ಡಾಕ್ಟರಮ್ಮ ಸಸಿ ಹಚ್ಚಾಕ ಆಗಂಗಿಲ್ಲ ಅಂದುಬಿಡ್ತಾಳ ಅಂತ.”

“ನೋವು?”

“ಸುಮ್ನಿದ್ರ ಎರಡು. ಮುಂಜಾನಿ ತಣ್ಣೀರು ಮುಟ್ಟಿದ್ರ ಆರು.” ಭಾವನ ಮುಂದೆಯೇ ಹೇಳಿದಳು. ಗಾದೆಪ್ಪ, “ಈಗ ಎಲ್ಲಾದಕ್ಕೂ ನಂಬರ್ ಕೊಡ್ತಾಳವ್ವ. ಮೊನ್ನೆ ನನ್ನ ಕೆಮ್ಮಿಗೆ ಏಳು ಕೊಟ್ಟು ಸಿರುಗುಪ್ಪಕ್ಕ ಕಳಿಸಿದ್ಲು” ಅಂದರು.

ಊಟ ಮಾಡದೆ ಬಿಡಲಿಲ್ಲ. ಕಾವೇರಿ ಅನ್ನ, ಸಾರು ಬಡಿಸಿದಳು. ಉಪ್ಪಿನ ಡಬ್ಬಿ ತಂದು ನೆಲಕ್ಕೆ ಇಟ್ಟಳು. ಊರಮ್ಮ ಊಟಕ್ಕೆ ಕೂರಲಿಲ್ಲ, ಆಮೇಲೆ ಅಂದಳು. ಮನೆಗೆ ಬಂದವರ ಮುಂದೆ ಎಡಗೈಯಲ್ಲಿ ಉಣ್ಣಲು ನಾಚಿಕೆ ಇರಬೇಕು.

ಎರಡು ತುತ್ತು ಆದಮೇಲೆ, “ಸಾರು ಹೆಂಗೈತವ್ವ?” ಅಂದಳು.

“ಉಪ್ಪು ಕಮ್ಮಿ ಐತಿ” ಅಂದೆ.

ಕಾವೇರಿಯ ಸೌಟು ಅಲ್ಲೇ ನಿಂತಿತು. ಗಾದೆಪ್ಪ ನನ್ನ ಕಡೆ ನೋಡಿದರು. ಊರಮ್ಮ ಮೊದಲು ನನ್ನನ್ನು, ಆಮೇಲೆ ತಟ್ಟೆಯನ್ನು ನೋಡಿ ಜೋರಾಗಿ ನಕ್ಕಳು. ಕಾವೇರಿ ಡಬ್ಬಿಗೆ ಕೈ ಚಾಚಿದಳು.

“ನೀ ಬಿಡು” ಎಂದು ಊರಮ್ಮ ಡಬ್ಬಿಯನ್ನು ತನ್ನ ಕಡೆ ಎಳೆದುಕೊಂಡಳು. ಸೆರಗಿನಿಂದ ಬಲಗೈ ಹೊರಗೆ ಬಂತು. ಹೆಬ್ಬೆರಳು, ತೋರುಬೆರಳು, ನಡುಬೆರಳು ಹರಳುಪ್ಪಿನೊಳಗೆ ಇಳಿದವು. ಮೇಲೆ ಬರುವಾಗ ಹರಳು ಜಾರಿ ವಾಪಸು ಡಬ್ಬಿಗೇ ಬಿದ್ದವು. ಮತ್ತೆ ಇಳಿಸಿದಳು. ಈ ಸಲ ಮೂರು ಬೆರಳು ಒಂದಕ್ಕೊಂದು ಹತ್ತಿಕೊಂಡು ಮೇಲೆ ಬಂದವು, ನಡುಗುತ್ತ ಡಬ್ಬಿಯ ಅಂಚು ದಾಟಿ ನನ್ನ ತಟ್ಟೆಯ ಮೇಲೆ ಬಿಚ್ಚಿಕೊಂಡವು. ನಾಲ್ಕೈದು ಹರಳು ಸಾರಿಗೆ ಬಿದ್ದವು.

“ಸಾಕೇನು?” ಅಂದಳು.

ಕಲಸಿ ರುಚಿ ನೋಡಿದೆ.

“ಇನ್ನೊಂದು ಚಿಟಿಕಿ ಹಾಕ್ರಿ” ಅಂದೆ.